ಫ್ಲೆಕ್ಸ್ ಅಂಗಡಿಯ ಸರ್ವರ್‌ಗೆ ಡಿಸ್ಕ್ ಕೋಟಾ: ನನ್ನ ಅನುಭವ

ಕೊಪ್ಪಳದಲ್ಲಿ ನಮ್ಮದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಡಿಸೈನ್ ಮಾಡುವ ಹುಡುಗರೆಲ್ಲ ಒಂದೇ ಉಬುಂಟು (ಲಿನಕ್ಸ್) ಸರ್ವರ್‌ನಲ್ಲಿ ಫೈಲ್ ಇಡುತ್ತಾರೆ. ದೊಡ್ಡ ಬ್ಯಾನರಿನ ಫೋಟೋಶಾಪ್ ಫೈಲ್ ಒಂದು ಜಿಬಿ ದಾಟುವುದು ಮಾಮೂಲು. ಅದರ ಮೇಲೆ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಅಂತ ಕಾಪಿಗಳು ಬೇರೆ. ಡಿಸ್ಕ್ ತುಂಬಿತೋ, ತುಂಬಿಸಿದವನ ಜೊತೆ ಉಳಿದವರ ಕೆಲಸವೂ ನಿಲ್ಲುತ್ತದೆ. ‘ಹಳೇವು ಡಿಲೀಟ್ ಮಾಡ್ರಪಾ’ ಅಂತ ಹೇಳಿ ಹೇಳಿ ಸಾಕಾಗಿ ಕೋಟಾ ಹಾಕಿದೆ, ಅಂದರೆ ಒಬ್ಬೊಬ್ಬರು ಇಷ್ಟೇ ಜಾಗ ಬಳಸಬೇಕು ಅಂತ ಮಿತಿ.

ಯೂಸರ್ ಕೋಟಾ ಫೋಲ್ಡರ್ ನೋಡುವುದಿಲ್ಲ. ಕೋಟಾ ಹಾಕಿದ ಪಾರ್ಟಿಷನ್‌ನಲ್ಲಿ (ಡಿಸ್ಕಿನ ಒಂದು ಭಾಗ) ಫೈಲ್ ಎಲ್ಲೇ ಇರಲಿ, ಅದು ಯಾರ ಹೆಸರಲ್ಲಿದೆಯೋ ಅವರ ಲೆಕ್ಕಕ್ಕೆ ಹೋಗುತ್ತದೆ. ನಮ್ಮಲ್ಲಿ ಎಲ್ಲರೂ ಒಂದೇ ಲಾಗಿನ್ ಬಳಸುತ್ತಿದ್ದರು. ಹಾಗಾಗಿ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಟ್ಟು, ಹಳೆಯ ಫೈಲುಗಳನ್ನು ‘ಸಿಎಚ್‌ಓನ್’ ಕಮಾಂಡಿನಿಂದ ಅವರವರ ಹೆಸರಿಗೆ ಮಾಡಿದೆ. ನಿಜವಾದ ತಲೆನೋವು ಇದೇ. ಯಾವ ಫೈಲ್ ಯಾರದು ಅಂತ ಹುಡುಗರಿಗೇ ನೆನಪಿರಲಿಲ್ಲ!

ಉಳಿದದ್ದು ಸಲೀಸು. ನಮ್ಮ ಡೇಟಾ ಪಾರ್ಟಿಷನ್ನಿನ ಫೈಲ್ ಸಿಸ್ಟಂ, ಅಂದರೆ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ, ಇಎಕ್ಸ್‌ಟಿ4. ‘ಕೋಟಾ’ ಪ್ಯಾಕೇಜ್ ಹಾಕಿಕೊಂಡು, ಯಾವ ಪಾರ್ಟಿಷನ್ ಹೇಗೆ ಮೌಂಟ್ ಆಗಬೇಕು (ಸಿಸ್ಟಂಗೆ ಜೋಡಣೆಯಾಗಬೇಕು) ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಆ ಪಾರ್ಟಿಷನ್ನಿನ ಸಾಲಿಗೆ ‘ಯುಎಸ್‌ಆರ್‌ಕೋಟಾ’ ಸೇರಿಸಿ ರೀಮೌಂಟ್ ಮಾಡಿದೆ. ಆಮೇಲೆ ‘ಕೋಟಾಚೆಕ್’. ಯಾರದು ಎಷ್ಟು ಜಾಗ ಅಂತ ಎಣಿಸಿ ಬರೆದಿಡುವುದು ಇದೇ. ಎಣಿಕೆ ನಡೆಯುವಾಗ ಯಾರಾದರೂ ಫೈಲ್ ಸೇವ್ ಮಾಡಿದರೆ ಲೆಕ್ಕ ತಪ್ಪುತ್ತದೆ, ಅದಕ್ಕೇ ಅಂಗಡಿ ಮುಚ್ಚಿದ ಮೇಲೆ ಕೂತೆ. ಕೊನೆಗೆ ತಡೆ ಚಾಲೂ ಮಾಡಲು ‘ಕೋಟಾಆನ್’. ನಿಮ್ಮದು ಎಕ್ಸ್‌ಎಫ್‌ಎಸ್ (ಇನ್ನೊಂದು ಫೈಲ್ ಸಿಸ್ಟಂ) ಆಗಿದ್ದರೆ ರೀಮೌಂಟ್ ಸಾಲದು. ಪೂರ್ತಿ ಅನ್‌ಮೌಂಟ್ ಮಾಡಿ, ಕೋಟಾ ಆಪ್ಷನ್ ಜೊತೆ ಮತ್ತೆ ಮೌಂಟ್ ಮಾಡಬೇಕು. ಕೋಟಾಚೆಕ್ ಗೊಡವೆ ಅಲ್ಲಿಲ್ಲ.

ಮಿತಿ ಹಾಕಲು ‘ಎಡ್‌ಕೋಟಾ’. ಅಲ್ಲಿ ಲೆಕ್ಕ ಕೆಬಿಯಲ್ಲಿ, ಅಂದರೆ 50 ಜಿಬಿಗೆ 52428800 ಅಂತ ಬರೆಯಬೇಕು. ನಾನು ಸಾಫ್ಟ್ ಲಿಮಿಟ್ 50 ಜಿಬಿ, ಹಾರ್ಡ್ ಲಿಮಿಟ್ 60 ಜಿಬಿ ಇಟ್ಟೆ. ಸಾಫ್ಟ್ ದಾಟಿದರೂ ಕೆಲಸ ನಡೆಯುತ್ತದೆ. ಆದರೆ ಗಡುವಿನೊಳಗೆ ಜಾಗ ಖಾಲಿ ಮಾಡಬೇಕು. ನಾವು ಬದಲಿಸದಿದ್ದರೆ ಆ ಗಡುವು 7 ದಿನ. ಹಾರ್ಡ್ ಮುಟ್ಟಿದರೆ ಮಾತ್ರ ಅಲ್ಲೇ ಬಂದ್. ಸುಮ್ನೆ ಹಾರ್ಡ್ ಒಂದನ್ನೇ ಇಡಬೇಡಿ. ಗಿರಾಕಿ ಎದುರು ನಿಂತಿರುವಾಗ ಫೈಲ್ ಅರ್ಧಕ್ಕೆ ಸೇವ್ ಆಗಿ ನಿಂತರೆ ಬೈಸಿಕೊಳ್ಳುವವರು ನಾವೇ ಅಲ್ವಾ?

ಜನವರಿ ಹತ್ತಿರ ಬಂತೆಂದರೆ ಗವಿಮಠದ ಅಜ್ಜನ ಜಾತ್ರೆಯ ಬ್ಯಾನರ್ ಕೆಲಸ. ಆಗ ಯಾವ ಮಿತಿಯೂ ಸಾಲದು. ‘ಕೋಟಾಆಫ್’ ಕೊಟ್ಟರೆ ತಡೆ ಹೋಗುತ್ತದೆ, ಆದರೆ ನಮ್ಮ ತರಹದ ಹಳೆ ಪದ್ಧತಿಯಲ್ಲಿ ಎಣಿಕೆಯೂ ನಿಲ್ಲುತ್ತದೆ. ಮತ್ತೆ ಆನ್ ಮಾಡುವ ಮುಂಚೆ ಕೋಟಾಚೆಕ್ ಓಡಿಸಲೇಬೇಕು. ಇಎಕ್ಸ್‌ಟಿ4 ಒಳಗೇ ಇರುವ ಕೋಟಾ ಸೌಲಭ್ಯವನ್ನು ‘ಟ್ಯೂನ್2ಎಫ್‌ಎಸ್’ನಿಂದ ಚಾಲೂ ಮಾಡಿಕೊಂಡವರಿಗೆ ಈ ತಾಪತ್ರಯ ಇಲ್ಲ. ಅಲ್ಲಿ ಆಫ್ ಮಾಡಿದರೂ ಎಣಿಕೆ ನಡೆದೇ ಇರುತ್ತದೆ. ಮತ್ತೆ ಆನ್ ಮಾಡಿದಾಗ ಮಿತಿ ದಾಟಿದವರ ಫೈಲ್ ಯಾವುದೂ ಅಳಿಸಿಹೋಗುವುದಿಲ್ಲ, ಹುಡುಗರಿಗೆ ಆ ಭಯ ಜಾಸ್ತಿ.

ಈಗ ನಾನು ಪೂರ್ತಿ ಆಫ್ ಮಾಡುವುದನ್ನೇ ಬಿಟ್ಟಿದ್ದೇನೆ. ಜಾತ್ರೆ ಕೆಲಸ ಹಿಡಿದವರಿಗೆ ಮಾತ್ರ ‘ಸೆಟ್‌ಕೋಟಾ’ದಿಂದ ಎರಡೂ ಮಿತಿ 0 ಮಾಡುತ್ತೇನೆ. 0 ಅಂದರೆ ಅವರಿಗೆ ತಡೆಯೇ ಇಲ್ಲ. ಎಣಿಕೆ ಎಂದಿನಂತೆ ನಡೆಯುತ್ತದೆ. ಬೆಳಿಗ್ಗೆ ‘ರೆಪ್‌ಕೋಟಾ’ ತೆರೆದರೆ ಯಾರು ಎಷ್ಟು ತುಂಬಿಸಿದ್ದಾರೆ ಅಂತ ಪಟ್ಟಿಯೇ ಸಿಗುತ್ತದೆ.