ಅಟ್ಟದ ಮೇಜುದೀಪ ಮಗಳ ಕೋಣೆಗೆ

ಹಳೆಯ ಮೇಜುದೀಪವೊಂದನ್ನು ಮಗುವಿನ ಮಲಗುವ ಕೋಣೆಗೆ ಒಗ್ಗಿಸಲು ಹೊರಟಾಗ ಬಣ್ಣ, ಬಟ್ಟೆ, ಚಿತ್ತಾರಗಳ ಯೋಚನೆಯೇ ಮೊದಲು ಬರುತ್ತದೆ. ನಾನು ಅವನ್ನೆಲ್ಲ ಬದಿಗಿಟ್ಟು ವೈರಿನಿಂದ ಆರಂಭಿಸಿದೆ. ಸಾಗರ ತಾಲ್ಲೂಕಿನ ನಮ್ಮ ಮಾವನವರ ಮನೆಯ ಅಟ್ಟದಲ್ಲಿ ಎಷ್ಟೋ ಮಳೆಗಾಲಗಳನ್ನು ಕಳೆದಿದ್ದ ದೀಪವದು. ಎರಕದ ಕಬ್ಬಿಣದ ದುಂಡು ಪೀಠ, ಅದರ ಮೇಲೊಂದು ಕಬ್ಬಿಣದ ಕೊಳವೆ, ತುದಿಯಲ್ಲಿ ಕಿಲುಬು ಹಿಡಿದ ಹಿತ್ತಾಳೆಯ ಹೋಲ್ಡರ್, ತಂತಿಯ ಚೌಕಟ್ಟಿಗೆ ಅಂಟಿಕೊಂಡಿದ್ದ ಬೂಸ್ಟು ಬಟ್ಟೆ, ಇಷ್ಟೇ ಅದರ ಸಂಸಾರ. ಶಿವಮೊಗ್ಗದ ಅಂಗಡಿಗಳಲ್ಲಿ ಮಕ್ಕಳಿಗೆಂದೇ ಮಾರುವ ಪ್ಲಾಸ್ಟಿಕ್ ದೀಪಗಳು ಬೆರಳು ತಾಗಿದರೆ ಉರುಳುವಷ್ಟು ಹಗುರ. ಇದರ ಪೀಠವನ್ನು ಎತ್ತಲು ಎರಡು ಕೈ ಬೇಕು. ಆ ಭಾರವನ್ನು ಕಂಡೇ ನಾನು ಇದನ್ನು ಆರಿಸಿಕೊಂಡೆ.

ಹಳೆಯ ವೈರಿನ ಮೇಲಿನ ಬಟ್ಟೆಯ ಹೆಣಿಗೆ ನೋಡಲು ಚೆನ್ನಾಗಿಯೇ ಇತ್ತು. ಆದರೆ ಅದನ್ನು ಸ್ವಲ್ಪ ಬಾಗಿಸಿದೊಡನೆ ಒಳಗಿನ ರಬ್ಬರು ಒಣ ರೊಟ್ಟಿಯಂತೆ ಪುಡಿಯಾಗಿ ಉದುರಿ, ತಾಮ್ರದ ಎಳೆಗಳು ಹೊರಗೆ ಕಂಡವು. ಇಂತಹ ವೈರಿಗೆ ಟೇಪು ಸುತ್ತಿ ಬಳಸುವ ರೂಢಿ ನಮ್ಮಲ್ಲಿದೆ. 230 ವೋಲ್ಟ್ ಹರಿಯುವ ವಸ್ತುವೊಂದನ್ನು ಮಗುವಿನ ಹಾಸಿಗೆಯ ಪಕ್ಕದಲ್ಲಿ ಇಡುವಾಗ ಆ ರೂಢಿಗೆ ಜಾಗವಿಲ್ಲ. ಹಳೆಯ ವೈರನ್ನು ಕೂಡಲೇ ಎಳೆದು ಬಿಸಾಡದೆ, ಅದರ ತುದಿಗೆ ಹೊಸ ವೈರನ್ನು ಕಟ್ಟಿ, ಕೆಳಗಿನಿಂದ ನಿಧಾನವಾಗಿ ಜಗ್ಗಿದರೆ ಹೊಸದು ಕೊಳವೆಯೊಳಗೆ ತಾನಾಗಿ ಇಳಿದು ಬರುತ್ತದೆ. ಕೊಳವೆಯ ಎರಡೂ ಬಾಯಿಗಳಲ್ಲಿ ಕಬ್ಬಿಣದ ಅಂಚು ಹರಿತವಾಗಿದ್ದುದರಿಂದ ಅಲ್ಲಿ ರಬ್ಬರ್ ಬುಷ್ ಕೂರಿಸಿದೆ. ಯಾರಾದರೂ ವೈರನ್ನು ಜಗ್ಗಿದರೆ ಆ ಸೆಳೆತ ಹೋಲ್ಡರಿನ ಸ್ಕ್ರೂಗಳ ಮೇಲೆ ಬೀಳಬಾರದೆಂದು ಪೀಠದ ಒಳಗೆ ವೈರಿಗೊಂದು ಗಂಟು ಹಾಕಿದೆ.

ಹಳೆಯ ದೀಪಕ್ಕೆ ಇದ್ದುದು ಎರಡೆಳೆಯ ವೈರು, ಎರಡು ಪಿನ್ನಿನ ಪ್ಲಗ್. ಮೈಯೆಲ್ಲ ಲೋಹವಾಗಿರುವ ದೀಪಕ್ಕೆ ಇದು ಸಾಲದು. ಒಳಗೆಲ್ಲೋ ವಿದ್ಯುತ್ ತರುವ ಫೇಸ್ ವೈರು ಕಳಚಿ ಕೊಳವೆಗೆ ತಾಗಿದರೆ ಇಡೀ ದೀಪವೇ ವಿದ್ಯುತ್ ವಾಹಕವಾಗುತ್ತದೆ, ಮುಟ್ಟಿದವರ ದೇಹದ ಮೂಲಕ ಅದು ನೆಲ ಸೇರುತ್ತದೆ. ಮಳೆಗಾಲದಲ್ಲಿ ಗೋಡೆಯೂ ನೆಲವೂ ಬೆವರುವ ಮಲೆನಾಡಿನ ಮನೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹಾಗಾಗಿ ಶಿವಮೊಗ್ಗದ ಗಾಂಧಿ ಬಜಾರಿನಿಂದ ಐಎಸ್‌ಐ ಗುರುತಿನ, 0.75 ಚದರ ಮಿಲಿಮೀಟರಿನ ಮೂರೆಳೆಯ ವೈರನ್ನೂ ಮೂರು ಪಿನ್ನಿನ 6 ಆಂಪಿಯರ್ ಪ್ಲಗ್ಗನ್ನೂ ತಂದೆ. ಸೋರಿದ ವಿದ್ಯುತ್ತನ್ನು ನೆಲಕ್ಕೆ ಒಯ್ಯುವ ಹಸಿರು ಎಳೆಯ, ಅಂದರೆ ಅರ್ಥ್ ವೈರಿನ, ತುದಿಗೆ ಉಂಗುರದಂಥ ಲೋಹದ ರಿಂಗ್ ಲಗ್ ಒತ್ತಿಸಿ, ಪೀಠದ ಒಳಬದಿಯಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿದ ಜಾಗಕ್ಕೆ ಅದನ್ನು ಸ್ಕ್ರೂ ಹಾಕಿ ಬಿಗಿದೆ. ಬಣ್ಣ ವಿದ್ಯುತ್ತನ್ನು ಹಾಯಿಸುವುದಿಲ್ಲವಾದ್ದರಿಂದ ಬಣ್ಣದ ಮೇಲೆಯೇ ಬಿಗಿದ ಅರ್ಥಿಂಗ್ ಇದ್ದೂ ಇಲ್ಲದಂತೆ. ಸ್ವಿಚ್ಚನ್ನು ಫೇಸ್ ಎಳೆಯ ಮೇಲೆಯೇ ಕೂರಿಸಬೇಕು, ಇಲ್ಲವಾದರೆ ದೀಪ ಆರಿದ್ದರೂ ಹೋಲ್ಡರಿನಲ್ಲಿ ವಿದ್ಯುತ್ ಉಳಿದೇ ಇರುತ್ತದೆ. ಹೋಲ್ಡರನ್ನು ವಿದ್ಯುತ್ ಹಾಯಿಸದ ಬೇಕಲೈಟಿನದಕ್ಕೆ ಬದಲಿಸಿದೆ. ಕೊನೆಗೆ, ಪ್ಲಗ್ ಸಿಕ್ಕಿಸುವ ಮೊದಲು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಅರ್ಥ್ ಪಿನ್ನಿಗೂ ಇನ್ನೊಂದನ್ನು ದೀಪದ ಕೊಳವೆಗಂಬಕ್ಕೂ ಇಟ್ಟೆ, ಅದು ಕೂಗಿತು, ಅಂದರೆ ಎರಡರ ನಡುವೆ ಸಂಪರ್ಕ ಕೂಡಿದೆ. ಉಳಿದೆರಡು ಪಿನ್ನುಗಳಿಗೂ ಕಂಬಕ್ಕೂ ಇಟ್ಟಾಗ, ಸ್ವಿಚ್ ಹಾಕಿ ನೋಡಿದರೂ, ಮೀಟರ್ ಮೌನವಾಗಿತ್ತು. ಈ ಪರೀಕ್ಷೆ ಮಾಡಲು ಬಾರದವರು ವೈರಿಂಗ್ ಕೆಲಸವನ್ನು ಎಲೆಕ್ಟ್ರೀಷಿಯನ್ನರ ಕೈಗೇ ಕೊಡುವುದು ಒಳ್ಳೆಯದು. ಅದರ ಕೂಲಿ ದೊಡ್ಡದೇನಲ್ಲ.

ಆಮೇಲೆ ಬಣ್ಣ. ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬಾರದೆಂಬುದು ಅನೇಕರಿಗೆ ತಿಳಿದಿಲ್ಲ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಎನಾಮೆಲ್‌ಗಳಲ್ಲಿ, ಸೀಸ ಇರಬಹುದೆಂದೇ ಭಾವಿಸಿ ನಡೆದುಕೊಳ್ಳಬೇಕು. ಸೀಸದ ಧೂಳು ಮಕ್ಕಳ ಮಿದುಳಿಗೆ ಮಾಡುವ ಹಾನಿ ವಾಸಿಯಾಗುವಂಥದ್ದಲ್ಲ. ನಮ್ಮ ದೀಪದ ಮೇಲಿದ್ದುದು ಹಸಿರು ಬಣ್ಣ. ಮಗಳನ್ನು ಅಜ್ಜಿಯ ಜೊತೆ ತೋಟಕ್ಕೆ ಕಳುಹಿಸಿ, ಅಂಗಳದಲ್ಲಿ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಧೂಳು ತಡೆಯುವ ಮಾಸ್ಕ್ ಕಟ್ಟಿಕೊಂಡು, ನೀರು ಕಾಗದವೆಂಬ ಉಜ್ಜುಕಾಗದವನ್ನು ಒದ್ದೆ ಮಾಡಿಕೊಂಡೇ ಉಜ್ಜಿದೆ. ವೈರಿಂಗಿನ ಭಾಗಗಳನ್ನು ಅಷ್ಟರಲ್ಲಿ ಪುನಃ ಕಳಚಿ ಇಟ್ಟಿದ್ದೆನೆಂದು ಬೇರೆ ಹೇಳಬೇಕಾಗಿಲ್ಲ. ಉಜ್ಜಿ ಬಂದ ರಾಡಿಯನ್ನು ಚಿಂದಿಯಲ್ಲಿ ಒರೆಸಿ, ಹಾಳೆಯ ಸಮೇತ ಕಟ್ಟಿ, ಕಸದ ಗಾಡಿಗೆ ಬೇರೆಯಾಗಿ ಕೊಟ್ಟೆ. ತೋಟದ ಗುಂಡಿಗೆ ಎಸೆಯಲಿಲ್ಲ, ಒಲೆಗೂ ಹಾಕಲಿಲ್ಲ.

ತುಕ್ಕು ಹೋಗಿಸಿದ ಕಬ್ಬಿಣವನ್ನು ನಮ್ಮ ಹವೆಯಲ್ಲಿ ರಾತ್ರಿಯಿಡೀ ಬರಿಮೈಯಲ್ಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಂದು ಛಾಯೆ ಮರಳಿರುತ್ತದೆ. ಆದ್ದರಿಂದ ಉಜ್ಜಿ ಒರೆಸಿ ಒಣಗಿಸಿದ ದಿನವೇ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಬೇಕು. ಇದಕ್ಕೆಲ್ಲ ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳು ಸೂಕ್ತ. ಜೂನ್ ಕಳೆದ ಮೇಲೆ ಬಳಿದ ಎನಾಮೆಲ್ ಒಣಗಲು ಹಟ ಮಾಡುವುದಲ್ಲದೆ, ಗಾಳಿಯ ತೇವ ಕೂತು ಮೇಲ್ಮೈ ಮಬ್ಬಾಗುತ್ತದೆ. ಬಚ್ಚಲೊಲೆಯ ಬಿಸಿಗೆ ಹಿಡಿದು ಒಣಗಿಸಬಹುದೆಂದು ಮನೆಯಲ್ಲಿ ಸಲಹೆ ಬಂತು. ಥಿನ್ನರಿನ ಆವಿ ಬೆಂಕಿ ಹಿಡಿಯುವಂಥದ್ದು, ಹಾಗಾಗಿ ಅದಕ್ಕೆ ನಾನು ಒಪ್ಪಲಿಲ್ಲ.

ಮಗಳು ಕೇಳಿದ್ದು ನೇರಳೆ ಬಣ್ಣ. ನನ್ನ ಕಣ್ಣು ಮಾತ್ರ ಆ ದುಂಡು ಪೀಠವನ್ನು ಕಂಡಾಗಲೆಲ್ಲ ಭೂಮಣ್ಣಿ ಬುಟ್ಟಿಯನ್ನೇ ನೆನೆಯುತ್ತಿತ್ತು. ಸಾಗರ, ಸೊರಬ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಗದ್ದೆಗೆ ಒಯ್ಯುವ ಎಡೆ ಆ ಬುಟ್ಟಿಯಲ್ಲೇ ಹೋಗುತ್ತದೆ. ಕೊನೆಗೆ ನಾವಿಬ್ಬರೂ ರಾಜಿಯಾಗಿ, ಪೀಠಕ್ಕೆ ಕೆಮ್ಮಣ್ಣಿನ ಬಣ್ಣ, ಕಂಬಕ್ಕೆ ನೇರಳೆ ಎಂದು ತೀರ್ಮಾನಿಸಿದೆವು. ಹೊಳಪಿಲ್ಲದ ಎನಾಮೆಲನ್ನು ತೆಳುವಾಗಿ ಎರಡು ಸಲ ಬಳಿದು, ಚೆನ್ನಾಗಿ ಗಟ್ಟಿಯಾದ ಮೇಲೆ 400ರ ಉಜ್ಜುಕಾಗದದಿಂದ ಹಗುರಾಗಿ ಸವರಿ, ಬಿಳಿ ಗೆರೆಗಳಿಗೆ ಸಿದ್ಧಪಡಿಸಿದೆ. ಅಕ್ಕಿ ಹಿಟ್ಟು ಎನಾಮೆಲ್ ಮೇಲೆ ನಿಲ್ಲುವುದಿಲ್ಲವಾದ್ದರಿಂದ ಬಿಳಿಗೂ ಎನಾಮೆಲನ್ನೇ ಬಳಸಿದೆ. ಕುಂಚ ಮಾತ್ರ ಪುಂಡಿ ನಾರಿನದೇ. ಚಿತ್ತಾರ ಬರೆದು ಪಳಗಿದ ಪಕ್ಕದ ಮನೆಯ ಅಕ್ಕ ಬಂದು ಕೂತು, ನನ್ನ ಕೈ ನೋಡಿ, "ಗೆರೆಯ ನಡುವೆ ಕುಂಚ ಎತ್ತಬೇಡ ತಂಗಿ, ಉದ್ದ ನಾರಿಗೆ ಬಣ್ಣ ಕುಡಿಸಿ ಹಾಸುತ್ತ ಹೋಗು" ಎಂದರು. ಅವರ ಮಾತಿನಂತೆ ನಾರನ್ನು ಮಲಗಿಸಿ ಎಳೆದಾಗ ಗೆರೆ ಕೂದಲಿನಷ್ಟು ಸಣ್ಣಗೆ, ಆರಂಭದಿಂದ ಕೊನೆಯವರೆಗೆ ಒಂದೇ ದಪ್ಪದಲ್ಲಿ ಬಂತು. ಅಂಗಡಿಯ ಕುಂಚದಲ್ಲಿ ಇದು ಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ.

ದೀಪದ ಮುಸುಕಿಗೆ ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ‘ಚರಕ’ ಸಹಕಾರ ಸಂಘದ ಕೈಮಗ್ಗದ ಬಟ್ಟೆಯನ್ನು ಬಳಸಿದೆ, ಬಣ್ಣ ಹಾಕದ ಕೆನೆಬಿಳಿ. ಬಟ್ಟೆಯನ್ನು ಚೌಕಟ್ಟಿಗೆ ಅಂಟಿಸುವುದು ಸುಲಭ, ಆದರೆ ನಮ್ಮಲ್ಲಿ ಆಷಾಢ ಮುಗಿಯುವುದರೊಳಗೆ ಅಂಟಿಗೆ ಬೂಸ್ಟು ಬರುತ್ತದೆ. ನಾನು ಅದನ್ನು ಚೀಲದಂತೆ ಹೊಲಿದು, ಮೇಲೆ ಕೆಳಗೆ ಲಾಡಿ ಹಾಕಿದ್ದೇನೆ. ಬಿಚ್ಚಿ, ಅಂಟುವಾಳದ ನೀರಿನಲ್ಲಿ ಒಗೆದು, ಮತ್ತೆ ತೊಡಿಸಬಹುದು. ಮುಸುಕು ಪೀಠಕ್ಕಿಂತ ತೀರಾ ಅಗಲವಾದರೆ ದೀಪ ತಲೆಭಾರವಾಗುವುದರಿಂದ ಹಳೆಯ ಚೌಕಟ್ಟಿನ ಅಳತೆಯನ್ನು ಮೀರಲಿಲ್ಲ.

ಹಿಂದೆ ಇದರಲ್ಲಿ 60 ವಾಟಿನ ಬುರುಡೆ ಇತ್ತು. ಅದರ ಗಾಜು ಮುಟ್ಟಿದರೆ ಸುಡುವಂಥದ್ದು, ಬಟ್ಟೆಗೂ ಮಗುವಿನ ಬೆರಳಿಗೂ ಒಗ್ಗದು. ಅಷ್ಟೇ ಬೆಳಕನ್ನು ಸುಮಾರು 9 ವಾಟಿನ ಎಲ್‌ಇಡಿ ಕೊಡುತ್ತದೆ. ಮಲಗುವ ಮುನ್ನ ಕತೆ ಓದಲು 5 ವಾಟೇ ಸಾಕಾಯಿತು. 6500 ಕೆಲ್ವಿನ್ನಿನ ಬಿಳಿ ಬೆಳಕಿನ ಬದಲು 2700 ಕೆಲ್ವಿನ್ನಿನ ಹಳದಿ ಬೆಳಕನ್ನು ಆರಿಸಿದ್ದಕ್ಕೆ ನಿದ್ದೆ ಒಂದು ಕಾರಣ, ಹುಳು ಇನ್ನೊಂದು. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಹುಳುಗಳು ಬಿಳಿ ಬೆಳಕಿಗೆ ಮುತ್ತುವಷ್ಟು ಹಳದಿ ಬೆಳಕಿಗೆ ಮುತ್ತುವುದಿಲ್ಲ.

ದೀಪವನ್ನು ಮೇಜಿನ ಗೋಡೆಯ ಬದಿಗಿಟ್ಟು, ವೈರನ್ನು ಮೇಜಿನ ಹಿಂಗಾಲಿಗೆ ಕ್ಲಿಪ್ ಹಾಕಿ ಒಯ್ದಿದ್ದೇನೆ. ಕೋಣೆಯ ಸರ್ಕ್ಯೂಟಿಗೆ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆ; ಇಲ್ಲದವರು ದೀಪಕ್ಕೆ ಬಣ್ಣ ಕೊಳ್ಳುವ ಮೊದಲು ಅದನ್ನು ಕೂರಿಸಿಕೊಳ್ಳಲಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಮೊದಲೇ ಕಿತ್ತಿಡಬೇಕು. ಆ ಕೆಲಸ ನಮ್ಮ ಮನೆಯಲ್ಲಿ ದೊಡ್ಡವರದು.

ಇದನ್ನು ನೋಡಿದ ನಾದಿನಿ ತನ್ನ ಬಳಿಯಿರುವ ಹಿತ್ತಾಳೆಯ ದೀಪಕ್ಕೂ ಹೀಗೇ ಬಣ್ಣ ಹಚ್ಚಿಕೊಡಿ ಎಂದಳು. ಹಿತ್ತಾಳೆಗೆ ಬಣ್ಣ ಬೇಡ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಸಾಕು, ವೈರನ್ನು ಮಾತ್ರ ಇದೇ ಕ್ರಮದಲ್ಲಿ ಮೂರೆಳೆಯದಕ್ಕೆ ಬದಲಿಸೋಣ ಎಂದು ಹೇಳಿದ್ದೇನೆ.