ಬೂದು ಹಿಡಿದ ಮರದ ಡೆಕ್ಕನ್ನು ಕಿತ್ತು ಹಾಕದೆ ಉಳಿಸಿಕೊಂಡ ಬಗೆ

ನಮ್ಮ ಡೆಕ್ಕನ್ನು, ಅಂದರೆ ಮನೆಯ ಹೊರಗೆ ಮರದ ಹಲಗೆ ಹಾಸಿದ ಜಗಲಿಯನ್ನು, ನೋಡಿದವರೆಲ್ಲ, ಕೆಲಸ ಬಲ್ಲವರೂ ಸೇರಿದಂತೆ, ಹಲಗೆಗಳನ್ನು ಕಿತ್ತು ಹೊಸದಾಗಿ ಹಾಕಿಸುವುದೇ ಲೇಸೆಂದು ಹೇಳಿದ್ದರು. ತೊಳೆದು ಎಣ್ಣೆ ಕುಡಿಸಿದರೆ ಸಾಕೆಂದಾಗ ನಕ್ಕವರೂ ಇದ್ದರು. ಮಳೆ ಬಿಸಿಲುಗಳೆರಡನ್ನೂ ಕಂಡ ಮೇಲೂ ಹಲಗೆಗಳು ಗಟ್ಟಿಯಾಗಿ, ಜೇನುಬಣ್ಣದಲ್ಲಿ ನಿಂತಿರುವುದರಿಂದ ಈಗ ಬರೆಯುವ ಧೈರ್ಯ ಮಾಡಿದ್ದೇನೆ.

ಬೂದುಬಣ್ಣವನ್ನು ಕಂಡು ಮರ ಸತ್ತಿತೆಂದು ತೀರ್ಮಾನಿಸುವವರೇ ಹೆಚ್ಚು. ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟು ಬಿಸಿಲಿಗೆ ಶಿಥಿಲವಾಗಿ ಮೇಲುಳಿದ ಸಡಿಲ ನಾರಿನ ಪದರವಷ್ಟೇ ಅದು. ಹೆಚ್ಚಿನ ಕಡೆ ಒಂದು ಮಿಲಿಮೀಟರಿನಷ್ಟೂ ಆಳವಿರುವುದಿಲ್ಲ. ನೋಡಬೇಕಾದದ್ದು ಕೆಳಗಿನ ತೊಲೆಗಳನ್ನು ಮತ್ತು ಹಲಗೆಗಳ ತುದಿಗಳನ್ನು. ಸ್ಕ್ರೂಡ್ರೈವರಿನ ಮೊನೆ ಸಲೀಸಾಗಿ ಒಳಹೊಕ್ಕ ನಾಲ್ಕೈದು ಹಲಗೆಗಳನ್ನು ಮಾತ್ರ ತೆಗೆದೆ. ಮೇಲ್ಮೈ ಬಿರುಕು ಬಿಟ್ಟಿದ್ದ ಇನ್ನು ಕೆಲವನ್ನು ಬಿಚ್ಚಿ ತಿರುವಿ ಹಾಕಿದಾಗ ಅಡಿಭಾಗ ಹೊಸದರಂತೆಯೇ ಇತ್ತು.

ಇದಕ್ಕೆ ಮೊದಲು ಹಣ ನುಂಗಿದ ದಾರಿಗಳನ್ನೂ ಹೇಳಬೇಕು. ಕೂಲಿ ಕೊಟ್ಟು ಹೊಡೆಸಿದ್ದ ವಾರ್ನಿಷ್ ಒಂದು ವರ್ಷದೊಳಗೆ ಹಪ್ಪಳದಂತೆ ಎದ್ದಿತು. ಅದನ್ನು ಕೆರೆದು ತೆಗೆಯಲು ಹೊಡೆಸಿದ್ದಕ್ಕಿಂತ ಹೆಚ್ಚು ಖರ್ಚಾಯಿತು. ಕ್ಲೋರಿನ್ ಬ್ಲೀಚ್ ಪಾಚಿಯನ್ನೇನೋ ಕೊಂದಿತು, ಆದರೆ ಮರವನ್ನು ಸುಣ್ಣ ಬಳಿದಂತೆ ಬಿಳಿಚಿಸಿ ನಾರೆಬ್ಬಿಸಿತು, ಸ್ಕ್ರೂಗಳ ತಲೆಗೆ ತುಕ್ಕನ್ನೂ ತಂದಿತು. ಬಾಡಿಗೆಗೆ ತಂದ ಪ್ರೆಶರ್ ವಾಷರ್ ಒಂದು ಮೂಲೆಯಲ್ಲಿ ಮೆದು ಎಳೆಗಳನ್ನು ಕಿತ್ತು, ಬರಿಗಾಲಿಗೆ ಸಿಬಿರು ಚುಚ್ಚುವಂತೆ ಮಾಡಿತು.

ಫಲ ಕೊಟ್ಟದ್ದು ಸೋಡಿಯಂ ಪರ್ಕಾರ್ಬೊನೇಟ್, ನೀರಿಗೆ ಬಿದ್ದರೆ ಆಮ್ಲಜನಕ ಬಿಡುವ ಕ್ಷಾರೀಯ ಪುಡಿ. ಲೀಟರ್ ಬೆಚ್ಚಗಿನ ನೀರಿಗೆ ಸುಮಾರು 60 ಗ್ರಾಂ ಹಾಕಿದ ನೆನಪು. ಕೆಲವೇ ಗಂಟೆಗಳಲ್ಲಿ ಅದರ ಕಸುವು ಇಳಿಯುವುದರಿಂದ ಬೇಕಾದಷ್ಟನ್ನೇ ಕಲಸಿಕೊಳ್ಳಬೇಕು. ಮೊದಲೇ ನೆನೆಸಿದ ಹಲಗೆಗೆ ಸುರಿದು, ಒಣಗಲು ಬಿಡದೆ ಕಾಲು ಗಂಟೆ ಕಾದು, ನೈಲಾನ್ ಬ್ರಷ್‌ನಿಂದ ಎಳೆಯ ಉದ್ದಕ್ಕೆ ಉಜ್ಜಿದರೆ ಕಂದು ನೊರೆಯೊಡನೆ ಬೂದು ಪದರ ಹರಿದುಹೋಗುತ್ತದೆ. ಆಗ ಮರ ಗಾಢವಾಗಿ, ಮೊದಲಿಗಿಂತಲೂ ಕುರೂಪವಾಗಿ ಕಾಣುವುದನ್ನು ನೋಡಿ ಹಲವರು ಕೈಬಿಡುತ್ತಾರೆ. ಕ್ಷಾರದಿಂದ ಬಂದ ಆ ಕಪ್ಪನ್ನು ಕಳೆಯುವುದು ಆಕ್ಸಾಲಿಕ್ ಆಮ್ಲ, ಲೀಟರಿಗೆ 30 ಗ್ರಾಂ ಆಸುಪಾಸು. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಹಲಗೆ ತಿಳಿಯಾಗುತ್ತಾ ಬರುತ್ತದೆ, ಕಬ್ಬಿಣದ ಸ್ಕ್ರೂಗಳ ಸುತ್ತ, ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥದಿಂದಾದ ಕಪ್ಪು ಉಂಗುರವೂ ಅಂಚಿನಿಂದ ಮಾಸತೊಡಗುತ್ತದೆ. ಈ ಆಮ್ಲ ವಿಷವಾದ್ದರಿಂದ ಕೈಗವಸು, ಕನ್ನಡಕ ಬೇಕು. ಕೊನೆಗೆ ಚೆನ್ನಾಗಿ ತೊಳೆಯಲೂ ಬೇಕು.

ಒಣಗಿದ ಮೇಲೆ 60, ಆಮೇಲೆ 80 ಗ್ರಿಟ್‌ನ ಮರಳುಕಾಗದದಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಹಗುರವಾಗಿ ಉಜ್ಜಿ ನಿಲ್ಲಿಸಿದೆ. ಪರೀಕ್ಷೆಗೆಂದು ಒಂದು ಹಲಗೆಯನ್ನು 120ರ ತನಕ ನುಣುಪುಗೊಳಿಸಿದ್ದೆ. ಕೈಗೆ ಹಿತವಾಗಿತ್ತು, ಆದರೆ ಅಕ್ಕಪಕ್ಕದವು ಕುಡಿದ ಎಣ್ಣೆಯ ಅರ್ಧದಷ್ಟನ್ನೂ ಅದು ಕುಡಿಯಲಿಲ್ಲ. ಆರ್ಸೆನಿಕ್ ಇರುವ ಹಳೆಯ ಸಂರಕ್ಷಕ ಹಾಕಿದ ಮರವಾಗಿದ್ದರೆ ಉಜ್ಜುವ ಗೋಜಿಗೇ ಹೋಗಬಾರದು.

ತೇವ ಶೇಕಡಾ 15ಕ್ಕಿಂತ ಕೆಳಗಿಳಿದ ಮೇಲೆಯೇ ಎಣ್ಣೆ. ಬಣ್ಣವಿಲ್ಲದ ತಿಳಿ ಎಣ್ಣೆ ಬಿಸಿಲನ್ನು ಹೆಚ್ಚು ತಡೆಯದ ಕಾರಣ ನಾನು ವರ್ಣದ್ರವ್ಯ ಬೆರೆಸಿದ್ದನ್ನು ಬಳಸಿದೆ. ಎರಡು ಛಾಯೆಗಳನ್ನು ಯಾವ ಪ್ರಮಾಣದಲ್ಲಿ ಕೂಡಿಸಿದೆನೆಂಬುದನ್ನು, ಇದನ್ನೇ ಹೊಟ್ಟೆಪಾಡಾಗಿ ಮಾಡುವ ಸ್ನೇಹಿತರ ಒತ್ತಾಯಕ್ಕೂ ಮಣಿಯದೆ, ನನ್ನಲ್ಲೇ ಇಟ್ಟುಕೊಂಡಿದ್ದೇನೆ. ತೆಳುವಾಗಿ ಹಚ್ಚಿ, ಇಪ್ಪತ್ತು ನಿಮಿಷದೊಳಗೆ ಹೀರದೆ ಉಳಿದದ್ದನ್ನು ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಅಂಟಂಟಾಗಿ ಉಳಿಯುತ್ತದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ತಾವಾಗಿಯೇ ಹೊತ್ತಿಕೊಳ್ಳಬಹುದಾದ್ದರಿಂದ ಹೊರಗೆ ಹರವಿ ಒಣಗಿಸಿದೆ. ಹಲಗೆಯ ಕುಯ್ದ ತುದಿಗಳಿಗೆ ಮಾತ್ರ ಕುಡಿಯುವಷ್ಟು ಕುಡಿಸಿದೆ, ನೀರು ಮೊದಲು ಒಳಹೊಗುವುದು ಅಲ್ಲಿಂದಲೇ.

ಬದಲಿ ಹಾಕಿದ ಹೊಸ ಹಲಗೆಗಳು ಎದ್ದು ಕಾಣುತ್ತಿದ್ದುದರಿಂದ ಇನ್ನೊಂದು ಪ್ರಯೋಗ ಮಾಡಿದೆ. ಉಕ್ಕಿನ ನಾರನ್ನು ವಿನೆಗರ್‌ನಲ್ಲಿ ನೆನೆಹಾಕಿ, ಆ ನೀರನ್ನು ಬಹಳ ತೆಳುಮಾಡಿ, ಮೊದಲೇ ಟ್ಯಾನಿನ್ ಇರುವ ಚಹಾ ಡಿಕಾಕ್ಷನ್ ಬಳಿದು ಒಣಗಿಸಿದ್ದ ಹಲಗೆಗೆ ಹಚ್ಚಿದೆ. ಆಮ್ಲದಿಂದ ಅಳಿಸಿದ ಅದೇ ಕಬ್ಬಿಣ-ಟ್ಯಾನಿನ್ ಕಪ್ಪು ಇಲ್ಲಿ ಉಪಯೋಗಕ್ಕೆ ಬಂತು. ಎಣ್ಣೆ ಬಿದ್ದ ಮೇಲೆ ಹಳೆಯದು ಯಾವುದು, ಹೊಸದು ಯಾವುದು ಎಂದು ನಕ್ಕವರಿಗೇ ಗುರುತಿಸಲಾಗಲಿಲ್ಲ.

ಒಟ್ಟು ಖರ್ಚು, ಹೊಸ ಡೆಕ್ಕಿಗೆ ಕೇಳಿದ್ದ ಮೊತ್ತದ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿರಬಹುದು, ನನ್ನ ದುಡಿಮೆಯನ್ನು ಬಿಟ್ಟು. ಅದರಲ್ಲಿ ಸಿಂಹಪಾಲು ಸ್ಟೇನ್‌ಲೆಸ್ ಸ್ಕ್ರೂಗಳಿಗೆ ಹೋಯಿತು. ಅವುಗಳಲ್ಲಿ ಜಿಪುಣತನ ಮಾಡಿದರೆ ಕಪ್ಪು ಉಂಗುರಗಳು ಮರಳಿ ಬರುತ್ತವೆ. ಈಗ ನೀರು ಚಿಮುಕಿಸಿ, ಹನಿ ನಿಲ್ಲದೆ ಇಂಗುವ ಕಡೆ ಮಾತ್ರ ಅರ್ಧ ಬಲದ ಪರ್ಕಾರ್ಬೊನೇಟ್ ದ್ರಾವಣದಲ್ಲಿ ತೊಳೆದು, ಒಣಗಿಸಿ, ಒಂದು ಕೈ ಎಣ್ಣೆ ಒರೆಸುತ್ತೇನೆ. ಸೂರಿನಂಚಿನ ಹಲಗೆಗಳು ವರ್ಷಕ್ಕೊಮ್ಮೆ ಕೇಳುತ್ತವೆ, ನೆರಳಿನವು ಇನ್ನೂ ಕೇಳಿಲ್ಲ.