ಆಕ್ಸೆಸಿಬಿಲಿಟಿ ಸಮ್ಮೇಳನಕ್ಕೆ ಹೋಗುವ ಮುಂಚೆ ನಿಮ್ಮ ಪುಟವನ್ನೊಮ್ಮೆ ಕೇಳಿಸಿಕೊಳ್ಳಿ

ಕಂಪ್ಯೂಟರಿನ ಪರದೆ ಆಫ್ ಮಾಡಿ. ಮೌಸನ್ನು ಪಕ್ಕಕ್ಕಿಡಿ. ಈಗ ನೀವೇ ಕಟ್ಟಿದ ಜಾಲತಾಣದಲ್ಲಿ ಒಂದು ಫಾರಂ ತುಂಬಿ ಸಲ್ಲಿಸಿ. ಆಗುತ್ತದೆಯಾ?

ನಾನು ಮೊದಲ ಸಲ ಹೀಗೆ ಮಾಡಿದಾಗ, ಪರದೆಯನ್ನು ಓದಿ ಹೇಳುವ ತಂತ್ರಾಂಶದಿಂದ ಕಿವಿಗೆ ಬಿದ್ದದ್ದು ಒಂದೇ ಪದ. "ಬಟನ್. ಬಟನ್. ಬಟನ್." ಹುಡುಕಲು, ಉಳಿಸಲು, ಅಳಿಸಲು ಎಲ್ಲಕ್ಕೂ ಚಂದದ ಐಕಾನ್ ಹಾಕಿದ್ದೆ. ಒಂದಕ್ಕೂ ಹೆಸರು ಕೊಟ್ಟಿರಲಿಲ್ಲ. ಕಣ್ಣು ಕಾಣದವರಿಗೆ ಯಾವುದು ಉಳಿಸುತ್ತದೆ, ಯಾವುದು ಅಳಿಸುತ್ತದೆ ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ. ಆ ಪುಟ ಎರಡು ವರ್ಷದಿಂದ ಬಳಕೆಯಲ್ಲಿತ್ತು. ಅಷ್ಟು ದಿನದಲ್ಲಿ ಎಷ್ಟು ಜನ ಅರ್ಧಕ್ಕೆ ಬಿಟ್ಟು ವಾಪಸ್ ಹೋದರೋ.

ಇಂಥ ತಪ್ಪುಗಳನ್ನು ಹೇಗೆ ಕಂಡುಹಿಡಿಯುವುದು, ಹೇಗೆ ಸರಿ ಮಾಡುವುದು ಎಂದು ಕಲಿಯಲು ಡೆವಲಪರ್‌ಗಳಿಗೆ ಒಳ್ಳೆಯ ಜಾಗ ಆಕ್ಸೆಸಿಬಿಲಿಟಿ ಸಮ್ಮೇಳನಗಳು. ಆಕ್ಸೆಸಿಬಿಲಿಟಿ ಅಂದರೆ ಕಣ್ಣು ಕಾಣದವರು, ಕಿವಿ ಕೇಳದವರು, ಕೈ ನಡುಗುವವರು, ವಯಸ್ಸಾದವರು, ಎಲ್ಲರೂ ಬಳಸಲು ಆಗುವ ಹಾಗೆ ಜಾಲತಾಣ ಕಟ್ಟುವುದು. ಈ ಕ್ಷೇತ್ರದವರು ಇದನ್ನು 'ಎ11ವೈ' ಎಂದು ಚಿಕ್ಕದಾಗಿ ಬರೆಯುತ್ತಾರೆ. ಇಂಗ್ಲಿಷ್ ಪದದ ಮೊದಲ ಅಕ್ಷರಕ್ಕೂ ಕೊನೆಯ ಅಕ್ಷರಕ್ಕೂ ನಡುವೆ 11 ಅಕ್ಷರಗಳಿವೆ, ಅದಕ್ಕೆ. ಎಲ್ಲಿ ನೋಡಿದರೂ ಈ ಗುರುತೇ ಕಾಣುವುದರಿಂದ ಮೊದಲೇ ತಿಳಿದಿರಲಿ.

ಯಾವ ಸಮ್ಮೇಳನ?

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಒಂದೇ. ವಿಮಾನದ ಟಿಕೆಟ್ ಬಗ್ಗೆ ಯೋಚಿಸಬೇಡಿ, ಮನೆಯಲ್ಲೇ ಕೂತು ಶುರು ಮಾಡಿ.

ಡೀಕ್ಯೂ ಎಂಬ ಕಂಪನಿ 2021ರಿಂದ 'ಆಕ್ಸ್-ಕಾನ್' ಎಂಬ ಆನ್‌ಲೈನ್ ಸಮ್ಮೇಳನ ನಡೆಸುತ್ತಿದೆ. ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಇರುತ್ತದೆ. ದುಡ್ಡು ಕೊಡಬೇಕಿಲ್ಲ, ಹೆಸರು ನೋಂದಾಯಿಸಿದರೆ ಸಾಕು. ಇನ್ನೊಂದು 'ಇನ್‌ಕ್ಲೂಸಿವ್ ಡಿಸೈನ್ 24'. ಹೆಸರೇ ಹೇಳುವ ಹಾಗೆ ಇಡೀ 24 ಗಂಟೆ ಯೂಟ್ಯೂಬ್‌ನಲ್ಲಿ ನೇರಪ್ರಸಾರ. ಇದಕ್ಕೆ ನೋಂದಣಿಯೂ ಬೇಡ. ಒಂದಾದ ಮೇಲೊಂದು ಭಾಷಣ ನಡೆಯುತ್ತಲೇ ಇರುವುದರಿಂದ ನಮ್ಮ ಹಗಲಿಗೂ ಒಂದಷ್ಟು ಸಿಗುತ್ತವೆ.

ಸಮಯ ಲೆಕ್ಕ ಹಾಕುವಾಗ ಒಂದು ಎಚ್ಚರಿಕೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ 9 ಅಂದರೆ ಚಳಿಗಾಲದಲ್ಲಿ ನಮಗೆ ಸಂಜೆ 7.30. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದಾಚೆ ಅದು ಸಂಜೆ 6.30 ಆಗುತ್ತದೆ. ಇದನ್ನು ಮರೆತರೆ ಮೊದಲ ಭಾಷಣ ತಪ್ಪಿಹೋಗುತ್ತದೆ.

ಖುದ್ದಾಗಿ ಹೋಗುವುದಾದರೆ ಎಲ್ಲರ ಬಾಯಲ್ಲಿರುವ ಹೆಸರು ಸಿಎಸ್‌ಯುಎನ್ ಸಮ್ಮೇಳನ. ಹೋಗಿಬಂದವರು ಅದನ್ನು 'ಸೀ-ಸನ್' ಎನ್ನುತ್ತಾರೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ನಾರ್ತ್‌ರಿಡ್ಜ್ ಕ್ಯಾಂಪಸ್‌ನವರು 1985ರಿಂದ ನಡೆಸುತ್ತಿದ್ದಾರೆ. 2019ರಿಂದ ಅನಹೈಮ್ ಊರಿನಲ್ಲಿ, ಮಾರ್ಚ್ ತಿಂಗಳಲ್ಲಿ ಸೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಅದು ಕಾರಿನ ದಾರಿ. ಇಲ್ಲಿಂದ ಹೋಗುವವರು ವೀಸಾ ಕೆಲಸವನ್ನು ತಿಂಗಳುಗಟ್ಟಲೆ ಮುಂಚೆಯೇ ಶುರು ಮಾಡಬೇಕು.

ಇಷ್ಟು ದೂರ ಬೇಡ ಅನ್ನುವವರಿಗೆ ಮೇ ತಿಂಗಳಿದೆ. ಮೇ ತಿಂಗಳ ಮೂರನೇ ಗುರುವಾರ ಜಾಗತಿಕ ಆಕ್ಸೆಸಿಬಿಲಿಟಿ ಜಾಗೃತಿ ದಿನ. 2012ರಲ್ಲಿ ಶುರುವಾಯಿತು. ಆ ವಾರ ಬೆಂಗಳೂರಿನ ಅನೇಕ ಐಟಿ ಕಂಪನಿಗಳಲ್ಲಿ ಭಾಷಣ, ಕಾರ್ಯಾಗಾರ ಇರುತ್ತವೆ. ಕೆಲವಕ್ಕೆ ಹೊರಗಿನವರನ್ನೂ ಬಿಡುತ್ತಾರೆ. ಕೇಳಿ ನೋಡಿ.

ಹೋಗುವ ಮುಂಚಿನ ಒಂದು ವಾರ

ಅರ್ಧ ಫಲ ಇರುವುದು ಈ ವಾರದಲ್ಲಿ ಅಂತ ನನಗೆ ಅನ್ನಿಸುತ್ತದೆ. ಖಾಲಿ ಕೈಯಲ್ಲಿ ಹೋದರೆ ಎಲ್ಲ ಮಾತೂ ಚೆನ್ನಾಗಿದೆ ಅನ್ನಿಸುತ್ತದೆ, ಮನೆಗೆ ಬಂದ ಮೇಲೆ ಒಂದೂ ನೆನಪಿರುವುದಿಲ್ಲ. ನಿಮ್ಮದೇ ಒಂದು ಪುಟ, ಅದರ ಒಂದು ತೊಂದರೆ ಹಿಡಿದುಕೊಂಡು ಹೋದರೆ ಪ್ರತಿ ಮಾತಿನಲ್ಲೂ ನಿಮಗೆ ಬೇಕಾದದ್ದು ತಾನಾಗಿ ಕಿವಿಗೆ ಬೀಳುತ್ತದೆ.

ಮೊದಲು ಬರೀ ಟ್ಯಾಬ್ ಕೀಲಿ ಒತ್ತುತ್ತಾ ಪುಟದ ಮೇಲಿಂದ ಕೆಳಗೆ ಹೋಗಿ. ಈಗ ಎಲ್ಲಿದ್ದೇನೆ ಎಂದು ಕಣ್ಣಿಗೆ ಕಾಣುತ್ತದೆಯಾ? ಬಟನ್ನಿನ ಸುತ್ತ ಬರುವ ಗೆರೆ ಚಂದ ಕಾಣುವುದಿಲ್ಲ ಅಂತ ಯಾರೋ ಸಿಎಸ್‌ಎಸ್‌ನಲ್ಲಿ ಅದನ್ನು ತೆಗೆದುಬಿಟ್ಟಿರುತ್ತಾರೆ. ಮೌಸ್ ಹಿಡಿಯಲಾಗದವರಿಗೆ ಆ ಗೆರೆಯೇ ದಾರಿದೀಪ.

ಆಮೇಲೆ ಎನ್‌ವಿಡಿಎ ಹಾಕಿಕೊಳ್ಳಿ. ಇದು ವಿಂಡೋಸ್‌ನಲ್ಲಿ ಪರದೆಯನ್ನು ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್. ಪೂರ್ತಿ ಉಚಿತ. ಆಸ್ಟ್ರೇಲಿಯಾದ ಮೈಕಲ್ ಕರನ್ ಮತ್ತು ಜೇಮ್ಸ್ ಟೆ ಸೇರಿ ಕಟ್ಟಿದ್ದು. ಕೆಲಸ ಶುರುವಾದದ್ದು 2006ರಲ್ಲಿ. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೂ ಕಂಪ್ಯೂಟರ್ ಸಿಗಬೇಕು ಅನ್ನುವುದು ಅವರ ಹಟವಾಗಿತ್ತು. ನಮ್ಮ ದೇಶದಲ್ಲಿ ಎಷ್ಟು ವಿದ್ಯಾರ್ಥಿಗಳು ಇದನ್ನು ನಂಬಿಕೊಂಡು ಓದುತ್ತಿದ್ದಾರೆ ಎಂದು ನೆನೆದರೆ ಅವರಿಬ್ಬರಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಎನ್‌ವಿಡಿಎ ಓಡುತ್ತಿರುವಾಗ ಎಚ್ ಕೀಲಿ ಒತ್ತಿದರೆ ಒಂದು ಶೀರ್ಷಿಕೆಯಿಂದ ಮುಂದಿನ ಶೀರ್ಷಿಕೆಗೆ ಹೋಗುತ್ತದೆ. ಕೆ ಒತ್ತಿದರೆ ಕೊಂಡಿ, ಬಿ ಒತ್ತಿದರೆ ಬಟನ್, ಎಫ್ ಒತ್ತಿದರೆ ಫಾರಂನ ಖಾನೆ. ಮಾತು ನಿಲ್ಲಿಸಲು ಕಂಟ್ರೋಲ್. ಮೊದಲ ಹತ್ತು ನಿಮಿಷ ಗೊಂದಲವಾಗುತ್ತದೆ, ಬಿಡಬೇಡಿ. ಅದರ ಟೂಲ್ಸ್ ಪಟ್ಟಿಯಲ್ಲಿ 'ಸ್ಪೀಚ್ ವ್ಯೂವರ್' ಇದೆ. ಆಡಿದ ಮಾತೆಲ್ಲ ಅಲ್ಲಿ ಬರಹವಾಗಿಯೂ ಕಾಣುತ್ತದೆ. ಅದನ್ನು ನಕಲು ಮಾಡಿ ಒಂದು ಕಡತದಲ್ಲಿ ಇಟ್ಟುಕೊಳ್ಳಿ. ಸಮ್ಮೇಳನದಲ್ಲಿ ಪ್ರಶ್ನೆ ಕೇಳುವಾಗ ಇದೇ ನಿಮ್ಮ ಸಾಕ್ಷಿ.

ಕೊನೆಗೆ ಬಣ್ಣ. ಮಾಮೂಲಿ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ಅಂತರ ಇರಬೇಕು. ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲೇ ಇದನ್ನು ನೋಡಬಹುದು. ವೆಬ್ಏಮ್ ಎಂಬ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ಜಾಲತಾಣಗಳ ಮುಖಪುಟ ಪರೀಕ್ಷಿಸುತ್ತದೆ. 2025ರಲ್ಲಿ ಅವುಗಳಲ್ಲಿ ಶೇ 94.8ರಲ್ಲಿ ತಪ್ಪು ಸಿಕ್ಕಿತು. ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಇದೇ ಮಸುಕು ಅಕ್ಷರ. ಬಿಸಿಲಿನಲ್ಲಿ ಬಸ್ ಸ್ಟಾಪಿನಲ್ಲಿ ನಿಂತು ಮೊಬೈಲ್ ನೋಡುವ ಯಾರಿಗಾದರೂ ಈ ಕಷ್ಟ ಗೊತ್ತು, ಅಲ್ವಾ?

ಓದಿಕೊಳ್ಳಬೇಕಾದ ಮಾನದಂಡ

ವೆಬ್‌ನ ಮಾನದಂಡಗಳನ್ನು ರೂಪಿಸುವುದು ಡಬ್ಲ್ಯೂ3ಸಿ. ಟಿಮ್ ಬರ್ನರ್ಸ್-ಲೀ 1994ರಲ್ಲಿ ಕಟ್ಟಿದ ಸಂಸ್ಥೆ. ಅದರ ಆಕ್ಸೆಸಿಬಿಲಿಟಿ ನಿಯಮಗಳ ಹೆಸರು ಡಬ್ಲ್ಯೂಸಿಎಜಿ. ಆಡುಮಾತಿನಲ್ಲಿ 'ವಿಕ್ಯಾಗ್'. 2008ರಲ್ಲಿ 2.0, 2018ರಲ್ಲಿ 2.1, 2023ರ ಅಕ್ಟೋಬರ್‌ನಲ್ಲಿ 2.2 ಬಂತು. ಪರೀಕ್ಷೆಯ ಹಾಗೆ ಬಾಯಿಪಾಠ ಬೇಡ. ಎ, ಎಎ, ಎಎಎ ಎಂಬ ಮೂರು ಮಟ್ಟಗಳಿವೆ, ಕೆಲಸದಲ್ಲಿ ಹೆಚ್ಚಿನವರು ಗುರಿ ಇಡುವುದು ಎಎಗೆ. ಇಷ್ಟು ಗೊತ್ತಿದ್ದರೆ ಮಾತು ಹಿಂಬಾಲಿಸಬಹುದು.

ಕನ್ನಡವನ್ನು ಜೊತೆಗೆ ಒಯ್ಯಿರಿ

ಈ ಸಮ್ಮೇಳನಗಳ ಉದಾಹರಣೆಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನವೇ. ನಮ್ಮ ಲಿಪಿಯ ತೊಂದರೆ ನಾವೇ ಹೇಳದಿದ್ದರೆ ಅಲ್ಲಿ ಯಾರಿಗೂ ತೋಚುವುದಿಲ್ಲ. ಹಾಗಾಗಿ ಕನ್ನಡ ಪುಟ ಕಟ್ಟುವವರು ಇನ್ನೂ ಮೂರು ವಿಷಯ ನೋಡಿಕೊಂಡು ಹೋಗಬೇಕು.

ಒಂದು, ಪುಟದ ಭಾಷೆ. ಎಚ್‌ಟಿಎಂಎಲ್‌ನ ಮೊದಲ ಟ್ಯಾಗಿನಲ್ಲಿ 'ಲ್ಯಾಂಗ್' ಎಂಬ ಆಟ್ರಿಬ್ಯೂಟ್ ಇರುತ್ತದೆ. ಕನ್ನಡಕ್ಕೆ ಅಲ್ಲಿ 'ಕೆಎನ್' ಎಂದು ಕೊಡಬೇಕು. ಟೆಂಪ್ಲೇಟ್ ತಂದು ಹಾಗೇ ಬಳಸಿದ ಕಡೆಯೆಲ್ಲ ಅಲ್ಲಿ ಇಂಗ್ಲಿಷಿನ 'ಇಎನ್' ಉಳಿದಿರುತ್ತದೆ. ಆಗ ಸ್ಕ್ರೀನ್ ರೀಡರ್ ಇದು ಇಂಗ್ಲಿಷ್ ಪುಟ ಎಂದು ನಂಬಿ ಇಂಗ್ಲಿಷ್ ದನಿಯಲ್ಲೇ ಓದಲು ಹೋಗುತ್ತದೆ. ಕನ್ನಡದ ಸಾಲುಗಳನ್ನು ಒಂದೋ ನುಂಗುತ್ತದೆ, ಇಲ್ಲವೇ ಅರ್ಥವಾಗದ ಹಾಗೆ ಓದುತ್ತದೆ. ಎರಡಕ್ಷರದ ತಿದ್ದುಪಡಿ, ಪುಟ ಮಾತಾಡಲು ಶುರುಮಾಡುತ್ತದೆ. ಕನ್ನಡ ಪುಟದ ನಡುವೆ ಇಂಗ್ಲಿಷ್ ಸಾಲು ಬಂದರೆ ಆ ಸಾಲಿಗೆ ಮಾತ್ರ ಬೇರೆ ಗುರುತು ಕೊಡಬಹುದು. ಇದೂ ವಿಕ್ಯಾಗ್‌ನಲ್ಲೇ ಇರುವ ನಿಯಮ.

ಎರಡು, ಹಳೆಯ ಫಾಂಟುಗಳು. ಯೂನಿಕೋಡ್ ರೂಢಿಗೆ ಬರುವ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಆ ರಾಶಿಯನ್ನೇ ಓದುತ್ತದೆ. ಹಳೆಯ ಸುತ್ತೋಲೆ, ಪಠ್ಯಗಳ ಪಿಡಿಎಫ್‌ಗಳಲ್ಲಿ ಇದು ಇವತ್ತಿಗೂ ಉಳಿದಿದೆ. ಸ್ಕ್ಯಾನ್ ಮಾಡಿದ ಪುಟವಾದರೆ ಅದು ಬರೀ ಚಿತ್ರ, ಓದಲು ಏನೂ ಇರುವುದಿಲ್ಲ.

ಮೂರು, ಒತ್ತಕ್ಷರ. ಸಾಲುಗಳ ನಡುವಿನ ಜಾಗ ಇಂಗ್ಲಿಷ್ ಅಳತೆಗೆ ಇಟ್ಟರೆ 'ಸ್ತ್ರೀ', 'ಶಾಸ್ತ್ರ' ಥರದ ಪದಗಳ ಕೆಳಭಾಗ ಬಟನ್ನಿನ ಅಂಚಿಗೆ ಸಿಕ್ಕಿ ಕತ್ತರಿಸಿ ಹೋಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟು ಮಾಡಿದರೂ ಪುಟದಲ್ಲಿ ಏನೂ ಕಳೆದುಹೋಗಬಾರದು ಎಂದು ವಿಕ್ಯಾಗ್ 2.1ರಲ್ಲೇ ಇದೆ. ಎತ್ತರವನ್ನು ಪಿಕ್ಸೆಲ್ ಲೆಕ್ಕದಲ್ಲಿ ಬಿಗಿದಿಟ್ಟ ಡಬ್ಬಿಗಳು ಇಲ್ಲಿ ಸೋಲುತ್ತವೆ.

ಈ ಮೂರಕ್ಕೂ ಒಂದೊಂದು ಸ್ಕ್ರೀನ್‌ಶಾಟ್ ಅಥವಾ ಅರ್ಧ ನಿಮಿಷದ ಧ್ವನಿಮುದ್ರಣ ಇಟ್ಟುಕೊಳ್ಳಿ. ಕನ್ನಡ ಬಾರದವರಿಗೂ ಕೇಳಿಸಿದ ಕೂಡಲೇ ತೊಂದರೆ ಅರ್ಥವಾಗುತ್ತದೆ.

ಸಮ್ಮೇಳನದ ದಿನ

ಇಡೀ ದಿನ ಒಂದಾದ ಮೇಲೊಂದು ಮಾತು ಕೇಳಲು ಹೋಗಬೇಡಿ. ದಿನಕ್ಕೆ ಮೂರು ನಾಲ್ಕು ಸಾಕು. ಆರಿಸುವಾಗ ಒಂದು ನಿಯಮ ಪಾಲಿಸಿ. ಅದರಲ್ಲಿ ಒಂದಾದರೂ ಸ್ವತಃ ಸ್ಕ್ರೀನ್ ರೀಡರ್ ಬಳಸುವವರು, ಕಿವಿ ಕೇಳದವರು ಅಥವಾ ದನಿಯಿಂದಲೇ ಕಂಪ್ಯೂಟರ್ ನಡೆಸುವವರು ಕೊಡುವ ಮಾತಾಗಿರಲಿ. ನಿಯಮ ಪುಸ್ತಕದಲ್ಲೂ ಸಿಗುತ್ತದೆ. ಒಂದು ಟಿಕೆಟ್ ಕಾಯ್ದಿರಿಸುವಾಗ ಅವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ಸುಲಭವಾಗಿ ದಾಟುತ್ತಾರೆ ಎನ್ನುವುದು ಅವರ ಬಾಯಿಂದಲೇ ಗೊತ್ತಾಗಬೇಕು.

ಖುದ್ದಾಗಿ ಹೋದವರಿಗೆ ಕೆಲವು ರೀತಿ ನೀತಿ ತಿಳಿದಿರಬೇಕು. ಕಣ್ಣು ಕಾಣದವರ ಜೊತೆ ಮಾತಿಗೆ ಮುಂಚೆ ನಿಮ್ಮ ಹೆಸರು ಹೇಳಿ, ಹೊರಡುವಾಗ ಹೊರಡುತ್ತೇನೆ ಅನ್ನಿ. ಇಲ್ಲದಿದ್ದರೆ ಅವರು ಗಾಳಿಯ ಜೊತೆ ಮಾತಾಡುತ್ತಾ ನಿಲ್ಲುವ ಹಾಗಾಗುತ್ತದೆ. ಸಹಾಯ ಬೇಕಾ ಅಂತ ಮೊದಲು ಕೇಳಿ. ಬೇಕು ಅಂದರೆ ನಿಮ್ಮ ಮೊಣಕೈ ಕೊಡಿ, ಅವರ ಕೈಯನ್ನಾಗಲಿ ಕೋಲನ್ನಾಗಲಿ ಹಿಡಿದು ಎಳೆಯಬೇಡಿ. ದಾರಿ ತೋರಿಸುವ ನಾಯಿ ಎಷ್ಟೇ ಮುದ್ದಾಗಿದ್ದರೂ ಮುಟ್ಟಬೇಡಿ, ಅದು ಕೆಲಸದಲ್ಲಿರುತ್ತದೆ. ಕಿವಿ ಕೇಳದವರ ಜೊತೆ ಮಾತಾಡುವಾಗ ಅವರ ಮುಖ ನೋಡಿ, ಪಕ್ಕದಲ್ಲಿರುವ ಸಂಜ್ಞೆ ಅನುವಾದಕರ ಮುಖವಲ್ಲ. ಸಭೆಯಲ್ಲಿ ಪ್ರಶ್ನೆ ಕೇಳುವಾಗ ಮೈಕ್ ಬರುವ ತನಕ ಕಾಯಿರಿ. ದನಿ ಮೈಕಿಗೆ ಬೀಳದಿದ್ದರೆ ಪರದೆಯ ಮೇಲೆ ಅಕ್ಷರವಾಗಿ ಮೂಡುವುದಿಲ್ಲ, ಓದಿ ತಿಳಿಯುವವರಿಗೆ ನಿಮ್ಮ ಪ್ರಶ್ನೆಯೇ ಸಿಗುವುದಿಲ್ಲ.

ಪ್ರಶ್ನೆ ಚಿಕ್ಕದಿರಲಿ. "ನನ್ನ ಪುಟದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಒಂದೇ ವಾಕ್ಯದಲ್ಲಿ ಬರುತ್ತವೆ, ಸ್ಕ್ರೀನ್ ರೀಡರ್ ಪದೇ ಪದೇ ದನಿ ಬದಲಿಸುತ್ತದೆ, ಕೇಳುವವರಿಗೆ ಯಾವುದು ಹಿತ?" ಎಂದು ಕೇಳಿ ನೋಡಿ. ಇಂಥ ಪ್ರಶ್ನೆಗೆ ವೇದಿಕೆಯ ಮೇಲೆ ಎರಡು ನಿಮಿಷದ ಉತ್ತರ ಸಿಗಬಹುದು. ಆಮೇಲೆ ಕಾಫಿ ಹೊತ್ತಿನಲ್ಲಿ ಅರಬ್ಬಿ ಪುಟ ಮಾಡುವವರು, ಹಿಂದಿ ಪುಟ ಮಾಡುವವರು ತಾವಾಗಿ ಬಂದು ಮಾತಾಡಿಸುತ್ತಾರೆ. ಅವರದ್ದೂ ಇದೇ ಕಷ್ಟ.

ವಾಪಸ್ ಬಂದ ಮೇಲೆ

ಮೂರು ದಿನದೊಳಗೆ ಒಂದು ತಪ್ಪು ಸರಿ ಮಾಡಿ. ಒಂದೇ ಸಾಕು. ಹೆಸರಿಲ್ಲದ ಬಟನ್ನಿಗೆ ಹೆಸರು ಕೊಡಿ, ಇಲ್ಲವೇ ಆ 'ಲ್ಯಾಂಗ್' ತಿದ್ದಿ. ಮುಂಚಿನ ಧ್ವನಿಮುದ್ರಣ, ಈಗಿನ ಧ್ವನಿಮುದ್ರಣ ಎರಡನ್ನೂ ತಂಡದವರಿಗೆ ಕೇಳಿಸಿ. ಐವತ್ತು ಸ್ಲೈಡಿನ ವರದಿಗಿಂತ ಇದು ಬೇಗ ಮನಸ್ಸಿಗೆ ತಟ್ಟುತ್ತದೆ.

ಬ್ರೌಸರ್ ಅಥವಾ ಸ್ಕ್ರೀನ್ ರೀಡರಿನಲ್ಲೇ ದೋಷ ಇದ್ದರೆ ಅಲ್ಲಿಗೂ ತಿಳಿಸಿ. ಎನ್‌ವಿಡಿಎಯ ದೋಷಪಟ್ಟಿ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ. ಅದು ಬಳಸುವ ಇಸ್ಪೀಕ್ ಎಂಬ ದನಿಯಲ್ಲಿ ಕನ್ನಡವೂ ಇದೆ. ತಪ್ಪಾಗಿ ಓದುವ ಪದ ಸಿಕ್ಕರೆ ಹೇಳಬೇಕಾದವರು ಕನ್ನಡ ಬಲ್ಲ ನಾವೇ ತಾನೆ?

ಮ್ಯಾನೇಜರ್ "ಇದಕ್ಕೆಲ್ಲ ಈಗ ಸಮಯ ಇಲ್ಲ" ಅಂದರೆ ಕಾನೂನಿನ ಮಾತು ತೆಗೆಯಿರಿ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಐಎಸ್ 17802 ಎಂಬ ಭಾರತೀಯ ಮಾನದಂಡವೂ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಆ್ಯಸಿಡ್ ದಾಳಿಗೆ ಒಳಗಾದವರು, ಕಣ್ಣು ಕಾಣದವರು ಕೋರ್ಟಿಗೆ ಹೋಗಿದ್ದ ಪ್ರಕರಣ ಅದು. ಕೆವೈಸಿ ಮಾಡುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದು ಪರದೆ ಕೇಳುತ್ತದೆ. ರೆಪ್ಪೆಯೇ ಸುಟ್ಟುಹೋದವರು ಏನು ಮಾಡಬೇಕು? ಆ ಪರದೆಯನ್ನು ಬರೆದದ್ದೂ ನಮ್ಮಂಥ ಒಬ್ಬ ಡೆವಲಪರ್. ಅವರು ಕೆಟ್ಟವರಾಗಿರಲಿಕ್ಕಿಲ್ಲ, ಬರೆಯುವಾಗ ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ ಅಷ್ಟೇ.

ಹಾಗಾಗಿ ಮುಂದಿನ ಸಲ ಹೊಸ ಪುಟ ಬಿಡುಗಡೆಗೆ ಮುಂಚೆ ಸ್ಕ್ರೀನ್ ರೀಡರ್ ದಿನವೂ ಬಳಸುವ ಒಬ್ಬರನ್ನು ಕರೆಸಿ. ಅವರ ಸಮಯಕ್ಕೆ ಸರಿಯಾದ ಸಂಭಾವನೆ ಕೊಡಿ. ಪಕ್ಕದಲ್ಲಿ ಕೂತುಕೊಳ್ಳಿ, ನಡುವೆ ಬಾಯಿ ಹಾಕಬೇಡಿ, "ಅಲ್ಲಿ ಒತ್ತಿ" ಅನ್ನಬೇಡಿ. ಅವರು ಎಲ್ಲಿ ನಿಂತರು ಅನ್ನುವುದನ್ನು ಮಾತ್ರ ಬರೆದುಕೊಳ್ಳಿ.